ಬಾವುಟವೂ ಬಟ್ಟೆಯೇ: ರಾಷ್ಟ್ರಧ್ವಜ ಕೊಳ್ಳುವುದು, ಕಟ್ಟುವುದು, ಒಗೆಯುವುದು, ಬೀಳ್ಕೊಡುವುದು

ಆಗಸ್ಟ್ 14ರ ಸಂಜೆ ಐದೂವರೆ. ಚಿತ್ರದುರ್ಗದ ಹತ್ತಿರದ ಒಂದು ಪ್ರೌಢಶಾಲೆ. ನಾನು ಅಲ್ಲಿಗೆ ಪಿಟಿ ಮೇಷ್ಟ್ರಾಗಿ ಹೋದ ಮೊದಲ ವರ್ಷ. ಸ್ಟಾಫ್ ರೂಮಿನ ಬೀರು ತೆಗೆದೆ. ಜನವರಿ 26ರಂದು ಯಾರೋ ಗಡಿಬಿಡಿಯಲ್ಲಿ ಪ್ಲಾಸ್ಟಿಕ್ ಕವರಿಗೆ ತುರುಕಿಟ್ಟ ಬಾವುಟ ಹಾಗೇ ಕೂತಿತ್ತು. ಬಿಚ್ಚಿ ನೋಡಿದರೆ ಬಿಳಿ ಪಟ್ಟಿಯ ಮೇಲೆ ಚೆಂಡು ಹೂವಿನ ಹಳದಿ ಕಲೆ. ಮಡಿಕೆಯ ಗುಂಟ ಬೂಷ್ಟು. ಹಸಿರು ಪಟ್ಟಿಯ ಅಂಚಿನಲ್ಲಿ ಹುಳ ಕೊರೆದ ಮೂರು ತೂತು. ಬೆಳಿಗ್ಗೆ ಎಂಟಕ್ಕೆ ಧ್ವಜಾರೋಹಣ. ಆ ರಾತ್ರಿ ನಾನು ಹೊಸ ಬಾವುಟಕ್ಕಾಗಿ ಅಲೆದದ್ದು ನನಗೇ ಗೊತ್ತು.

ಬಾವುಟಕ್ಕೆ ಸೆಲ್ಯೂಟ್ ಹೊಡೆಯುವುದನ್ನು ಎಲ್ಲರೂ ಕಲಿಸುತ್ತಾರೆ. ಇಳಿಸಿದ ಮೇಲೆ ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ಇಪ್ಪತ್ತೈದು ವರ್ಷ ಬಾವುಟ ಕಟ್ಟಿ ಇಳಿಸಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಅದು ಬಟ್ಟೆ. ಬಿಸಿಲಿಗೆ ಮಾಸುತ್ತದೆ, ಗಾಳಿಗೆ ಹರಿಯುತ್ತದೆ, ತೇವಕ್ಕೆ ಕೊಳೆಯುತ್ತದೆ. ಗೌರವ ಅಂದರೆ ಮೊದಲು ಅದನ್ನು ಬಟ್ಟೆಯಂತೆ ನೋಡಿಕೊಳ್ಳುವುದು. ಆದ್ದರಿಂದ ಮೊದಲ ಕೆಲಸ, ಬೀರು ತೆಗೆಯುವುದನ್ನು ಆಗಸ್ಟ್ 14ಕ್ಕೆ ಇಟ್ಟುಕೊಳ್ಳಬೇಡಿ. ಒಂದನೇ ತಾರೀಖಿಗೇ ತೆಗೆಯಿರಿ.

ಕೊಳ್ಳುವಾಗ ಏನು ನೋಡಬೇಕು

ಅಂಗಡಿಗೆ ಹೋಗುವಾಗ ಒಂದು ಟೇಪು ಜೇಬಿನಲ್ಲಿರಲಿ. ಉದ್ದಕ್ಕೂ ಅಗಲಕ್ಕೂ 3:2 ಲೆಕ್ಕ ಇರಬೇಕು. ಧ್ವಜ ಸಂಹಿತೆಯಲ್ಲಿ, ಅಂದರೆ ಬಾವುಟದ ಸರ್ಕಾರಿ ನಿಯಮಗಳಲ್ಲಿ, ಒಂಬತ್ತು ಅಳತೆಗಳನ್ನು ಕೊಟ್ಟಿದ್ದಾರೆ. ಎಲ್ಲಕ್ಕಿಂತ ದೊಡ್ಡದು 6300×4200 ಮಿಲಿಮೀಟರ್, ಎಲ್ಲಕ್ಕಿಂತ ಚಿಕ್ಕದು ಮೇಜಿನ ಮೇಲೆ ಇಡುವ 150×100. ಕಾರಿನ ಬಾವುಟ 225×150. ನಮಗೆ ನಿಮಗೆ ಬೇಕಾಗುವುದು ಸಾಮಾನ್ಯವಾಗಿ ಎರಡೇ. ಮನೆಗೆ, ಸಣ್ಣ ಶಾಲೆಗೆ 900×600. ದೊಡ್ಡ ಮೈದಾನಕ್ಕೆ 1350×900. ಹದಿನೈದು ಅಡಿ ಕಂಬಕ್ಕೆ ಮೊದಲನೆಯದು, ಇಪ್ಪತ್ತು ಅಡಿಗೆ ಎರಡನೆಯದು, ಇದು ನನ್ನ ಕಣ್ಣಳತೆ. ದೊಡ್ಡ ಬಾವುಟ ತಂದು ಗಿಡ್ಡ ಕಂಬಕ್ಕೆ ಕಟ್ಟಿದರೆ ನೋಡಲೂ ಚೆನ್ನಾಗಿರುವುದಿಲ್ಲ, ತುದಿ ಗೋಡೆಗೆ ಉಜ್ಜಿ ಬೇಗ ಹಾಳಾಗುತ್ತದೆ.

ಆಮೇಲೆ ಚಕ್ರ. 24 ಅರೆಗಳನ್ನು ಎಣಿಸಿ. ಅಂಗಡಿಯವನು ನಕ್ಕರೂ ಪರವಾಗಿಲ್ಲ. 2022ರಲ್ಲಿ ಮನೆಮನೆಗೂ ಬಾವುಟ ಬಂತಲ್ಲ, ಆಗ ನಾನು ನೋಡಿದ ಒಂದು ಕಟ್ಟಿನಲ್ಲಿ ಚಕ್ರ ಕೋಳಿಮೊಟ್ಟೆಯ ಹಾಗೆ ಉದ್ದವಾಗಿತ್ತು. ಚಕ್ರ ಬಿಳಿ ಪಟ್ಟಿಯ ನಟ್ಟನಡುವೆ ಇರಬೇಕು, ಬಣ್ಣ ಕಡು ನೀಲಿ, ಎರಡೂ ಬದಿಯಿಂದ ಪೂರ್ತಿ ಕಾಣಬೇಕು. 900×600ರ ಬಾವುಟದಲ್ಲಿ ಒಂದೊಂದು ಪಟ್ಟಿ 200 ಮಿ.ಮೀ. ಅಗಲ, ಚಕ್ರ 185 ಮಿ.ಮೀ. ಅಂದರೆ ಚಕ್ರದ ಮೇಲೆ ಕೆಳಗೆ ಒಂದು ಬೆರಳಿನಷ್ಟೂ ಬಿಳಿ ಉಳಿಯುವುದಿಲ್ಲ. ನಡುವೆ ಪುಟಾಣಿ ಚಕ್ರ ಕೂತಿದ್ದರೆ ಅದು ಅಳತೆ ತಪ್ಪಿದ ಬಾವುಟ.

ಖಾದಿ ಬಾವುಟವಾದರೆ ಐಎಸ್ಐ ಗುರುತು ಕೇಳಿ. ನಮ್ಮ ದೇಶದ ಮಾನಕಗಳ ಪಟ್ಟಿಯಲ್ಲಿ ಮೊಟ್ಟಮೊದಲ ನಂಬರು, ಐಎಸ್ 1, ರಾಷ್ಟ್ರಧ್ವಜದ್ದೇ. ಆ ಗುರುತಿನ ಬಾವುಟಕ್ಕೆ ಬಹಳ ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅದನ್ನು ತಯಾರಿಸುತ್ತದೆ. ಬಟ್ಟೆ ಬರುವುದು ಬಾಗಲಕೋಟೆ ಕಡೆಯಿಂದ. ಖಾದಿ ಬಾವುಟವನ್ನು ಕೈಯಲ್ಲಿ ಹಿಡಿದು ನೋಡಿ. ಎರಡು ಥರದ ಬಟ್ಟೆ ಸಿಗುತ್ತದೆ. ಹಾರುವ ಭಾಗ ಬಂಟಿಂಗ್ ಅನ್ನುವ ಬಟ್ಟೆಯದು. ಹಗ್ಗ ತೂರುವ ಪಟ್ಟಿ ಮಾತ್ರ ಡಕ್ ಅನ್ನುವ ದಪ್ಪ ಬಟ್ಟೆಯದು, ಬಣ್ಣ ಹಾಕದ ಹತ್ತಿಯ ಬಣ್ಣವೇ ಇರುತ್ತದೆ. ಆ ಪಟ್ಟಿಯೊಳಗೆ ಒಂದು ಹಗ್ಗ ಹೊಲಿದಿರುತ್ತಾರೆ. ಹಗ್ಗದ ಮೇಲ್ತುದಿಗೆ ಟಾಗಲ್ ಅನ್ನುವ ಮರದ ಪುಟ್ಟ ತುಂಡು, ಕೆಳತುದಿ ಉದ್ದಕ್ಕೆ ಇಳಿಬಿದ್ದಿರುತ್ತದೆ. ಟಾಗಲ್ ಯಾವ ಕಡೆ ಇದೆಯೋ ಅದು ಕೇಸರಿ ಕಡೆ. ಕತ್ತಲಲ್ಲಿ ಕಟ್ಟಿದರೂ ತಲೆಕೆಳಗಾಗಬಾರದು ಅಂತಲೇ ಹಾಗೆ ಮಾಡಿರುವುದು ಅಂತ ನನ್ನ ಲೆಕ್ಕ.

ಖಾದಿಯೋ ಪಾಲಿಯೆಸ್ಟರೋ

ಇಲ್ಲಿ ದಾವಣಗೆರೆಯ ಒಂದು ಸ್ವಾರಸ್ಯದ ವಿಷಯ ಹೇಳಬೇಕು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಇದು. ಹತ್ತಿ ಗಿರಣಿಗಳ ಸೈರನ್ ಕೇಳಿ ಊರು ಏಳುತ್ತಿತ್ತು. ಆದರೆ ಆ ಗಿರಣಿಗಳಲ್ಲಿ ನೇಯ್ದ ಒಂದು ಗಜ ಬಟ್ಟೆಯೂ ನಿಯಮದ ಪ್ರಕಾರ ರಾಷ್ಟ್ರಧ್ವಜ ಆಗುವಂತಿರಲಿಲ್ಲ. ಬಾವುಟ ಅಂದರೆ ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಖಾದಿಯೇ ಆಗಬೇಕಿತ್ತು. ಹತ್ತಿ, ಉಣ್ಣೆ, ರೇಷ್ಮೆ, ಯಾವುದಾದರೂ ಸರಿ, ಆದರೆ ಖಾದಿ. 2021ರ ಡಿಸೆಂಬರ್ 30ರಂದು ಸಂಹಿತೆಗೆ ತಿದ್ದುಪಡಿ ಬಂತು. ಪಾಲಿಯೆಸ್ಟರ್ ಆಗಬಹುದು, ಯಂತ್ರದಲ್ಲಿ ಮಾಡಿದ್ದೂ ಆಗಬಹುದು ಅಂತಾಯಿತು. ಅಷ್ಟೊತ್ತಿಗೆ ಆ ಊರಿನ ದೊಡ್ಡ ಗಿರಣಿಗಳು ಬಾಗಿಲು ಹಾಕಿ ಎಷ್ಟೋ ವರ್ಷವಾಗಿತ್ತು.

ನನ್ನ ಒಲವು ಖಾದಿ ಕಡೆಗೇ. ಆದರೆ ಸುಮ್ನೆ ಹಟ ಮಾಡುವುದಿಲ್ಲ. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಮಳೆಯಲ್ಲಿ ಕಂಬಕ್ಕೆ ಸುತ್ತಿಕೊಂಡು ಜೋತು ಬೀಳುತ್ತದೆ. ಪಾಲಿಯೆಸ್ಟರ್ ಹಗುರ, ತೆಳು ಗಾಳಿಗೂ ಹಾರುತ್ತದೆ, ನೀರು ಜಾರಿ ಹೋಗುತ್ತದೆ. ದಿನವೂ ಹಾರಿಸುವ ಕಡೆಗೆ ಪಾಲಿಯೆಸ್ಟರ್ ಅನುಕೂಲ ಅನ್ನುವವರ ಮಾತಿನಲ್ಲಿ ಹುರುಳಿದೆ. ವರ್ಷಕ್ಕೆ ಎರಡು ಮೂರು ಸಲ ಹಾರಿಸಿ ಮಡಚಿಡುವ ಶಾಲೆಗೆ, ಮನೆಗೆ ಖಾದಿ ಒಂದು ತಂದರೆ ಹತ್ತು ಹದಿನೈದು ವರ್ಷ ಬರುತ್ತದೆ.

ಸ್ವಲ್ಪ ಹಿಂದಿನ ಕಥೆ

ಕೈನೂಲಿನ ಹಟ ಯಾಕೆ ಬಂತು ಅಂತ ಮಕ್ಕಳು ಕೇಳುತ್ತಾರೆ. ಅದಕ್ಕೆ ಇತಿಹಾಸವೇ ಉತ್ತರ. 1906ರಲ್ಲಿ ಕಲ್ಕತ್ತಾದ ಪಾರ್ಸಿ ಬಾಗಾನಿನಲ್ಲಿ ಒಂದು ಬಾವುಟ ಹಾರಿತು. 1907ರಲ್ಲಿ ಮೇಡಂ ಕಾಮಾ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಇನ್ನೊಂದನ್ನು ಹಾರಿಸಿದರು. ಆಗ ಇನ್ನೂ ಚರಕ ಬಂದಿರಲಿಲ್ಲ. 1921ರಲ್ಲಿ ಬೆಜವಾಡದಲ್ಲಿ ಪಿಂಗಳಿ ವೆಂಕಯ್ಯನವರು ಗಾಂಧೀಜಿಗೆ ತಮ್ಮ ವಿನ್ಯಾಸ ತೋರಿಸಿದರು. ಅಲ್ಲಿಂದ ಚರಕ ಬಾವುಟದ ಜೊತೆಗೂಡಿತು. 1931ರಲ್ಲಿ ಕಾಂಗ್ರೆಸ್ ಕೇಸರಿ, ಬಿಳಿ, ಹಸಿರಿನ ನಡುವೆ ಚರಕ ಇರುವ ಬಾವುಟವನ್ನು ಒಪ್ಪಿತು. 1947ರ ಜುಲೈ 22ರಂದು ಸಂವಿಧಾನ ಸಭೆ ಚರಕದ ಜಾಗಕ್ಕೆ ಅಶೋಕ ಚಕ್ರ ಇಟ್ಟು ಈಗಿನ ರೂಪಕ್ಕೆ ಮುದ್ರೆ ಒತ್ತಿತು. ಚಿತ್ರದಿಂದ ಚರಕ ಹೋಯಿತು, ಬಟ್ಟೆಯಲ್ಲಿ ಉಳಿಯಿತು.

ನಮ್ಮ ಕಡೆಯ ಕಥೆ ಬೇರೆ. ಆಗ ದುರ್ಗ, ದಾವಣಗೆರೆ ಎರಡೂ ಮೈಸೂರು ಸಂಸ್ಥಾನದಲ್ಲಿದ್ದವು. ಮಹಾರಾಜರ ಬಾವುಟದಲ್ಲಿ ಗಂಡಭೇರುಂಡ. ಕಾಂಗ್ರೆಸ್ಸಿನ ತ್ರಿವರ್ಣ ಹಾರಿಸಲು ಹೊರಟರೆ ಪೊಲೀಸರು ಬರುತ್ತಿದ್ದರು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಮುಂದಾಳತ್ವದಲ್ಲಿ ನಿಷೇಧಾಜ್ಞೆ ಮುರಿದು ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಬಾವುಟದ ಸಲುವಾಗಿ ಸೇರಿದ್ದ ಜನರ ಮೇಲೆ ಗುಂಡು ಹಾರಿತು, ಜನ ಸತ್ತರು. ಅದಾದ ಮೇಲೆ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಒಪ್ಪಂದವಾಗಿ, ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತಾಯಿತು. ಮರುವರ್ಷ ನಿಜಲಿಂಗಪ್ಪನವರು ನಮ್ಮ ದುರ್ಗದ ಹತ್ತಿರದ ತುರುವನೂರಿನಲ್ಲಿ, ಹೆಂಡ ಇಳಿಸುವ ಈಚಲು ಮರಗಳನ್ನು ಕಡಿಯುವ ಸತ್ಯಾಗ್ರಹ ನಡೆಸಿದರು. ತುರುವನೂರಿನ ಕಡೆಯ ಮಕ್ಕಳಿಗೆ ಇದನ್ನು ಹೇಳಿದರೆ ಅವರು ನೆಟ್ಟಗೆ ನಿಲ್ಲುವ ರೀತಿಯೇ ಬೇರೆ ಇರುತ್ತದೆ.

ಕಂಬ, ಹಗ್ಗ, ರಾಟೆ

ಹಿಂದಿನ ದಿನವೇ ಹಗ್ಗ ಎಳೆದು ನೋಡಿ. ಕಂಬದ ತುದಿಯಲ್ಲಿ ಬಾವಿ ಗಡಗಡೆಯ ಹಾಗೆ ಪುಟ್ಟ ರಾಟೆ ಇರುತ್ತದೆ. ವರ್ಷಪೂರ್ತಿ ಮಳೆ ಬಿಸಿಲು ತಿಂದು ಅದು ತುಕ್ಕು ಹಿಡಿದಿರುತ್ತದೆ. ಕೀರಲು ಸದ್ದು ಬಂದರೆ ಎಣ್ಣೆ ಬಿಡಿಸಿ, ಆದರೆ ಬಾವುಟ ಕಟ್ಟುವ ಮೊದಲೇ ಸುಮಾರು ಸಲ ಹಗ್ಗ ಓಡಿಸಿ ಒರೆಸಿ. ಇಲ್ಲದಿದ್ದರೆ ಆ ಎಣ್ಣೆ ಹಗ್ಗದ ಮೂಲಕ ಬಿಳಿ ಪಟ್ಟಿಗೇ ಬರುತ್ತದೆ. ಹಗ್ಗ ಕಂಬದ ಎತ್ತರದ ಎರಡರಷ್ಟು, ಮೇಲೊಂದು ಮಾರು ಇರಲಿ. ತೆಂಗಿನ ನಾರಿನ ಹಗ್ಗ ಬೇಡ. ಬಟ್ಟೆಗೆ ಉಜ್ಜುತ್ತದೆ, ಒದ್ದೆಯಾದರೆ ಬಿಗಿಯುತ್ತದೆ. ಕಬ್ಬಿಣದ ಕಂಬವಾದರೆ ಬಣ್ಣ ಹಚ್ಚಿಸಿ. ತುಕ್ಕಿನ ಕಲೆ ಬಿಳಿಗೆ ಹತ್ತಿದರೆ ಯಾವ ಸೋಪಿಗೂ ಹೋಗುವುದಿಲ್ಲ.

ಕಟ್ಟುವುದು

ಇದು ಎಲ್ಲರೂ ಎಡವುವ ಜಾಗ. ನಿಧಾನವಾಗಿ ಹೇಳುತ್ತೇನೆ.

ಹೂವು ಮೊದಲು. ಎಸಳುಗಳನ್ನು ಒಳಗಿಡುವುದಕ್ಕೆ ಸಂಹಿತೆಯಲ್ಲಿ ಅಡ್ಡಿಯಿಲ್ಲ. ಆದರೆ ಚೆಂಡು ಹೂ ಬೇಡ, ಒದ್ದೆ ಹೂ ಅಂತೂ ಬೇಡವೇ ಬೇಡ. ಹೂವಿನ ಅಂಗಡಿಯವರು ನೀರು ಚಿಮುಕಿಸಿ ಕೊಟ್ಟಿರುತ್ತಾರೆ. ಹಿಂದಿನ ರಾತ್ರಿಯೇ ಗುಲಾಬಿಯನ್ನೋ ಸೇವಂತಿಗೆಯನ್ನೋ ಬಿಡಿಸಿ, ಬಟ್ಟೆಯ ಮೇಲೆ ಹರವಿ, ಫ್ಯಾನ್ ಹಾಕಿ ಬಿಡಿ. ಎರಡು ಹಿಡಿ ಸಾಕು. ಕೆಲವರು ಅರ್ಧ ಕೆಜಿ ತುಂಬಿ ಬಾವುಟವನ್ನು ಮೂಟೆ ಮಾಡುತ್ತಾರೆ. ಕಂಬಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆಯುವವರೂ ಇದ್ದಾರೆ. ನಿಮ್ಮಿಷ್ಟ. ಆದರೆ ಆ ಕೈಯನ್ನು ತೊಳೆಯದೆ ಬಾವುಟ ಮುಟ್ಟಬೇಡಿ.

ಬಾವುಟ ನೆಲಕ್ಕೆ ತಾಗಬಾರದು. ಒಂದು ಬೆಂಚಿನ ಮೇಲೆ ಒಗೆದ ಬೆಡ್‌ಶೀಟ್ ಹಾಸಿ. ಇಬ್ಬರು ಬೇಕು. ಹಗ್ಗದ ಪಟ್ಟಿ ಎಡಕ್ಕೆ, ಕೇಸರಿ ಮೇಲಕ್ಕೆ ಬರುವಂತೆ ಹರಡಿ. ಉದ್ದುದ್ದಕ್ಕೆ ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ. ಈಗ ಉದ್ದನೆಯ ಪಟ್ಟಿಯಾಯಿತು. ಎಸಳುಗಳನ್ನು ಹಗ್ಗದ ಪಟ್ಟಿಗೆ ಹತ್ತಿರದ ಮಡಿಕೆಯಲ್ಲಿ ಇಡಿ. ಹಾರುವ ತುದಿಯಿಂದ ಶುರುಮಾಡಿ ಸೀರೆಯ ನೆರಿಗೆ ಹಿಡಿದ ಹಾಗೆ ಹಿಂದೆ ಮುಂದೆ ಮಡಚುತ್ತ ಹಗ್ಗದ ಪಟ್ಟಿಯವರೆಗೆ ಬನ್ನಿ. ಸುರುಳಿ ಸುತ್ತಬೇಡಿ. ಸುರುಳಿ ಸುತ್ತಿದ್ದು ಮೇಲೆ ಹೋಗಿ ಅರ್ಧ ಬಿಚ್ಚಿ ನಿಲ್ಲುತ್ತದೆ, ನೆರಿಗೆ ಹಿಡಿದದ್ದು ಒಂದೇ ಸಲ ಉದುರಿಕೊಳ್ಳುತ್ತದೆ.

ಟಾಗಲನ್ನು ಮೇಲಕ್ಕೆ ಎಳೆಯುವ ಹಗ್ಗದ ಕುಣಿಕೆಗೆ ಸಿಕ್ಕಿಸಿ. ಬಾವುಟದ ಕೆಳಗಿನ ಹಗ್ಗವನ್ನು ಕಂಬದ ಇನ್ನೊಂದು ಹಗ್ಗಕ್ಕೆ ಗಟ್ಟಿಯಾಗಿ ಕಟ್ಟಿ. ಈ ಕೆಳಗಿನ ಹಗ್ಗದಿಂದ ಮಡಚಿದ ಬಾವುಟವನ್ನು ನಡುವೆ ಒಂದೇ ಸುತ್ತು ಸುತ್ತಿ. ಹಗ್ಗದ ತುದಿಯನ್ನಲ್ಲ, ಹಗ್ಗವನ್ನು ಮಡಚಿ ಆ ಮಡಿಕೆಯನ್ನು ಸುತ್ತಿನ ಅಡಿಯಲ್ಲಿ ತೂರಿಸಿ ಬಿಗಿ ಮಾಡಿ. ಹಸು ಕಟ್ಟುವ ಜೀರುಗುಣಿಕೆ ಗೊತ್ತಿದ್ದವರಿಗೆ ಇದು ಎರಡು ಸೆಕೆಂಡಿನ ಕೆಲಸ. ಎಳೆದ ತಕ್ಷಣ ಜಾರಬೇಕು. ಕೈಯಲ್ಲೇ ಮೂರು ಸಲ ಎಳೆದು ನೋಡಿ.

ಈ ಮೂರು ಸಲದ ನಿಯಮ ನಾನು ಕಷ್ಟಪಟ್ಟು ಕಲಿತದ್ದು. ಒಂದು ಜನವರಿ 26. ಊರಿನ ಹಿರಿಯರೊಬ್ಬರು ಅತಿಥಿ. ಅವರು ಹಗ್ಗ ಎಳೆದರು, ಬಾವುಟ ಬಿಚ್ಚಲಿಲ್ಲ. ಮತ್ತೆ ಎಳೆದರು. ನಾನು ಹಾಕಿದ್ದ ಜೀರುಗುಣಿಕೆ ಹಿಂದಿನ ರಾತ್ರಿಯ ಇಬ್ಬನಿಗೆ ಬಿಗಿದು ಕಗ್ಗಂಟಾಗಿತ್ತು. ಆರುನೂರು ಮಕ್ಕಳು ಮೇಲೆ ನೋಡುತ್ತ ನಿಂತಿದ್ದಾರೆ. ಹೆಡ್‌ಮೇಷ್ಟ್ರು ಮೆಲ್ಲಗೆ, "ಏನ್ ಮೇಷ್ಟ್ರೆ ಇದು?" ಅಂದರು. ಕೊನೆಗೆ ಪೂರ್ತಿ ಕೆಳಗಿಳಿಸಿ, ಬಿಚ್ಚಿ, ಬಿಚ್ಚಿದ ಬಾವುಟವನ್ನೇ ಏರಿಸಿದೆವು. ಆವತ್ತಿನಿಂದ ರಾತ್ರಿಯೇ ಕಟ್ಟಿ ಮೇಲೇರಿಸಿಡುವುದನ್ನು ಬಿಟ್ಟೆ. ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಕಟ್ಟುತ್ತೇನೆ. ಹಾಗೆಯೇ ಎಳೆಯಬೇಕಾದ ಹಗ್ಗಕ್ಕೆ ಕೈಗೆ ಸಿಗುವ ಎತ್ತರದಲ್ಲಿ ಒಂದು ಬಣ್ಣದ ದಾರ ಸುತ್ತಿಡಿ. ಅತಿಥಿಗಳು ತಪ್ಪು ಹಗ್ಗ ಎಳೆಯುವುದೇ ಜಾಸ್ತಿ.

ಏರಿಸುವಾಗ ಚುರುಕಾಗಿ, ಇಳಿಸುವಾಗ ನಿಧಾನವಾಗಿ. ಇದನ್ನು ಸಂಹಿತೆಯೇ ಹೇಳುತ್ತದೆ.

ಹಾರುತ್ತಿರುವಾಗ

ಮೊದಲೆಲ್ಲ ಸೂರ್ಯ ಮುಳುಗುವುದರೊಳಗೆ ಇಳಿಸಬೇಕಿತ್ತು. 2022ರ ಜುಲೈ ತಿದ್ದುಪಡಿಯ ನಂತರ ಜನರು ಮನೆಯ ಮೇಲೆ ಹಗಲು ರಾತ್ರಿ ಎರಡೂ ಹಾರಿಸಬಹುದು. ಹಾರಿಸಬಹುದು ಸರಿ, ಆದರೆ ನಮ್ಮ ದುರ್ಗದಲ್ಲಿ ಯೋಚಿಸಿ ಮಾಡಿ. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಆಷಾಢದ ಗಾಳಿ ಶ್ರಾವಣಕ್ಕೂ ಉಳಿದಿರುತ್ತದೆ, ಆಗಸ್ಟ್ 15 ಬರುವುದು ಆ ಹೊತ್ತಿಗೇ. ಗಾಳಿಯಲ್ಲಿ ಬಾವುಟದ ಹಾರುವ ತುದಿ ಚಾಟಿಯ ತುದಿಯ ಹಾಗೆ ಬಡಿಯುತ್ತದೆ. ಯಾವ ಬಾವುಟವೇ ಆಗಲಿ, ಮೊದಲು ಹರಿಯುವುದು ಅಲ್ಲೇ, ಅದರಲ್ಲೂ ಮೂಲೆಯಲ್ಲಿ. ಒಂದು ರಾತ್ರಿಯ ಬಿರುಗಾಳಿ ಒಂದು ವರ್ಷದ ಆಯಸ್ಸು ತಿನ್ನುತ್ತದೆ. ನಾನಾದರೆ ಸಂಜೆಗೆ ಇಳಿಸುತ್ತೇನೆ.

ಉಳಿದ ನಿಯಮಗಳಲ್ಲಿ ಮನೆಯವರಿಗೆ ಬೇಕಾದವು ಕೆಲವೇ. ಹರಿದ, ಮಾಸಿದ ಬಾವುಟ ಹಾರಿಸಬಾರದು. ಅದೇ ಕಂಬಕ್ಕೆ ಇನ್ನೊಂದು ಬಾವುಟ ಕಟ್ಟಬಾರದು. ನವೆಂಬರಿನಲ್ಲಿ ಹಳದಿ ಕೆಂಪು ಬಾವುಟ ಹಾರಿಸುವಾಗ ಇದನ್ನು ಮರೆಯುತ್ತಾರೆ. ಅದಕ್ಕೆ ಬೇರೆ ಕಂಬ ಬೇಕು, ರಾಷ್ಟ್ರಧ್ವಜಕ್ಕಿಂತ ಎತ್ತರ ಇರಬಾರದು. ಬಾವುಟದ ಮೇಲೆ ಏನನ್ನೂ ಬರೆಯಬಾರದು. ತೋರಣ ಮಾಡಬಾರದು, ಮೇಜಿಗೆ ಹೊದಿಸಬಾರದು. ಗೋಡೆಗೆ ಉದ್ದಕ್ಕೆ ಇಳಿಬಿಟ್ಟರೆ ನೋಡುವವರ ಎಡಕ್ಕೆ ಕೇಸರಿ ಬರಬೇಕು. ಬೇಕೆಂದೇ ಅವಮಾನ ಮಾಡಿದರೆ 1971ರ ಕಾಯ್ದೆಯ ಪ್ರಕಾರ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಹಾಗಂತ ಹೆದರಿ ಬಾವುಟ ಕಟ್ಟದೆ ಇರಬೇಡಿ. ಬಾವುಟ ಹಾರಿಸುವುದು ನಾಗರಿಕರ ಮೂಲಭೂತ ಹಕ್ಕಿನಲ್ಲಿ ಸೇರಿದೆ ಅಂತ 2004ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಒಗೆಯುವುದು

ರಾಷ್ಟ್ರಧ್ವಜ ಒಗೆಯಬಹುದಾ ಅಂತ ಕೇಳುತ್ತಾರೆ. ಕೊಳೆ ಬಾವುಟ ಹಾರಿಸುವುದೇ ತಪ್ಪು ಅಲ್ವಾ? ಒಗೆಯಲೇಬೇಕು. ಆದರೆ ಮನೆಯ ಬಟ್ಟೆಗಳ ಜೊತೆ ಅಲ್ಲ, ಕಲ್ಲಿನ ಮೇಲೆ ಅಲ್ಲ, ವಾಷಿಂಗ್ ಮಷಿನ್ನಿನಲ್ಲಿ ಅಲ್ಲ.

ಮೊದಲು ಬಣ್ಣದ ಪರೀಕ್ಷೆ. ಬಿಳಿ ಕರ್ಚೀಫಿನ ಮೂಲೆ ಒದ್ದೆ ಮಾಡಿ ಕೇಸರಿ, ಹಸಿರು, ಚಕ್ರ ಮೂರರ ಮೇಲೂ ಮೆಲ್ಲಗೆ ಒತ್ತಿ ಉಜ್ಜಿ. ಕರ್ಚೀಫಿಗೆ ಬಣ್ಣ ಹತ್ತಿದರೆ ಆ ಬಾವುಟವನ್ನು ನೀರಿಗೆ ಹಾಕಬೇಡಿ. ಧೂಳನ್ನು ಒಣ ಮೆತ್ತನೆ ಬ್ರಷ್‌ನಿಂದ ತೆಗೆಯಿರಿ, ಅಷ್ಟೇ.

ಬಣ್ಣ ಬಿಡದಿದ್ದರೆ ಹೊಸ ಬಕೆಟ್ಟಿನಲ್ಲಿ ತಣ್ಣೀರು ತೆಗೆದುಕೊಳ್ಳಿ. ಇಲ್ಲಿ ಒಂದು ಎಚ್ಚರಿಕೆ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು, ನೊರೆಯೂ ಬರುವುದಿಲ್ಲ, ಒಣಗಿದ ಮೇಲೆ ಹಸಿರು ಪಟ್ಟಿಯ ಮೇಲೆ ಸುಣ್ಣದ ಹಾಗೆ ಬಿಳಿ ಗೆರೆ ನಿಲ್ಲುತ್ತದೆ. ಮಳೆ ನೀರು ಹಿಡಿದಿದ್ದರೆ ಅದು ಅತ್ಯುತ್ತಮ. ಇಲ್ಲದಿದ್ದರೆ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತನ್ನಿ. ಮೃದು ಸೋಪಿನ ನೀರಿನಲ್ಲಿ ಐದು ನಿಮಿಷ ಅದ್ದಿ ಅಂಗೈಯಿಂದ ಒತ್ತಿ ಒತ್ತಿ ತೊಳೆಯಿರಿ. ನೆನೆಸಿ ಮರೆಯಬೇಡಿ. ಬಿಳಿ ಪಟ್ಟಿ ಹೊಳೆಯಲಿ ಅಂತ ನೀಲಿ ಹಾಕಬೇಡಿ, ಬ್ಲೀಚು ಬೇಡವೇ ಬೇಡ. ಹಿಂಡಬೇಡಿ. ದಪ್ಪ ಟವೆಲ್ಲಿನ ನಡುವೆ ಇಟ್ಟು ಒತ್ತಿ ನೀರು ತೆಗೆಯಿರಿ.

ಒಣಗಿಸುವುದೂ ಒಂದು ಲೆಕ್ಕವೇ. ಹಗ್ಗದ ಮೇಲೆ ಹಾಕಿದರೆ ಕೇಸರಿಯ ನೀರು ಇಳಿದು ಬಿಳಿಗೆ ಬರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಹಾಕಿದರೆ ಒಂದೇ ಮಧ್ಯಾಹ್ನಕ್ಕೆ ಬಣ್ಣ ಕಂದುತ್ತದೆ. ಮನೆಯೊಳಗೆ ಮಂಚದ ಮೇಲೆ ಬಿಳಿ ಬಟ್ಟೆ ಹಾಸಿ, ಬಾವುಟವನ್ನು ಚಪ್ಪಟೆಯಾಗಿ ಹರಡಿ, ಫ್ಯಾನ್ ಹಾಕಿ. ಇಸ್ತ್ರಿ ಮಾಡುವಾಗ ಮೇಲೊಂದು ತೆಳು ಬಟ್ಟೆ ಇಟ್ಟು ಮಾಡಿ. ಪಾಲಿಯೆಸ್ಟರ್ ಬಾವುಟಕ್ಕೆ ಇಸ್ತ್ರಿಯನ್ನು ಅತಿ ಕಡಿಮೆ ಬಿಸಿಯಲ್ಲಿ ಇಡಿ. ಒಂದು ಕ್ಷಣ ಮೈಮರೆತರೆ ಬಟ್ಟೆ ಕರಗಿ ಇಸ್ತ್ರಿಗೆ ಅಂಟುತ್ತದೆ.

ತುದಿಯ ಹೊಲಿಗೆ ಬಿಚ್ಚಿದ್ದರೆ ದರ್ಜಿಯ ಹತ್ತಿರ ಅದೇ ಬಣ್ಣದ ದಾರದಲ್ಲಿ ಎರಡು ಸಾಲು ಹೊಲಿಸಿ. ಹರಿದ ಅಂಚನ್ನು ಕತ್ತರಿಸಿ ಮತ್ತೆ ಮಡಚಿ ಹೊಲಿಯುವುದು ಬೇಡ. ಉದ್ದ ಕಡಿಮೆಯಾಗಿ 3:2 ಲೆಕ್ಕ ತಪ್ಪುತ್ತದೆ, ಚಕ್ರ ನಡುವಿನಲ್ಲಿ ಉಳಿಯುವುದಿಲ್ಲ.

ಮಡಚಿ ಇಡುವುದು

ಅಡ್ಡಕ್ಕೆ ಹರಡಿ. ಕೇಸರಿ ಮತ್ತು ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಚಿ. ಆಮೇಲೆ ಬಿಳಿ ಪಟ್ಟಿಯ ಎರಡೂ ಬದಿಯನ್ನು ಹಿಂದಕ್ಕೆ ಮಡಚಿದರೆ ಮೇಲೆ ಚಕ್ರ ಮಾತ್ರ, ಅಂಚಿನಲ್ಲಿ ಕೇಸರಿ ಹಸಿರಿನ ಎಳೆ ಕಾಣುತ್ತದೆ. ಎರಡೂ ಅಂಗೈಯ ಮೇಲೆ ಎತ್ತಿ ಒಯ್ಯಿರಿ. ಒಳಗೆ ಒಂದೂ ಎಸಳು ಉಳಿದಿರಬಾರದು.

ಪ್ಲಾಸ್ಟಿಕ್ ಕವರ್ ಬೇಡ. ಒಗೆದ ಹಳೆ ಪಂಚೆಯ ತುಂಡಿನಲ್ಲಿ ಸುತ್ತಿಡಿ. ನೆರಳಲ್ಲಿ ಗರಿಗರಿ ಒಣಗಿಸಿದ ಬೇವಿನ ಸೊಪ್ಪನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಪಕ್ಕದಲ್ಲಿಡಿ. ನುಸಿ ಗುಳಿಗೆ ಇಟ್ಟರೂ ಸರಿ, ಬಟ್ಟೆಗೆ ನೇರ ತಾಗದಿರಲಿ. ಎರಡು ತಿಂಗಳಿಗೊಮ್ಮೆ ತೆಗೆದು ಗಾಳಿಯಾಡಿಸಿ ಮಡಿಕೆಯ ಜಾಗ ಬದಲಿಸಿ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಚಿಟ್ಟ ಬಟ್ಟೆ ಆ ಗೆರೆಯಲ್ಲೇ ಸೀಳುತ್ತದೆ. ಅಜ್ಜಿಯ ರೇಷ್ಮೆ ಸೀರೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೀಳ್ಕೊಡುವುದು

ಬಣ್ಣ ಮಾಸಿತು, ನಡುವೆ ಹರಿಯಿತು ಅಂದರೆ ಅದರ ಕೆಲಸ ಮುಗಿಯಿತು. ಬೈಕ್ ಒರೆಸಲು, ಚಿಂದಿ ಮೂಟೆಗೆ ಹಾಕಲು ಬರುವುದಿಲ್ಲ. ಬಾವುಟವನ್ನು ಇಡಿಯಾಗಿ, ಖಾಸಗಿಯಾಗಿ, ಸಾಧ್ಯವಾದರೆ ಸುಟ್ಟು, ಇಲ್ಲವೇ ಅದರ ಘನತೆಗೆ ತಕ್ಕ ಬೇರೆ ರೀತಿಯಲ್ಲಿ ಮುಗಿಸಿ ಅನ್ನುತ್ತದೆ ಸಂಹಿತೆ. ಮಕ್ಕಳು ಹಿಡಿದು ಬೀಸಿದ ಕಾಗದದ ಬಾವುಟಗಳಿಗೂ ಇದೇ ಮಾತು. ಆಗಸ್ಟ್ 16ರ ಬೆಳಿಗ್ಗೆ ಮೈದಾನದಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿರುತ್ತವಲ್ಲ, ಅವನ್ನು ಆರಿಸಲು ನಾನು ಒಂದು ಗೋಣಿಚೀಲ ಇಟ್ಟುಕೊಂಡಿರುತ್ತೇನೆ.

ಖಾದಿ ಬಾವುಟವನ್ನು ಹಿತ್ತಲಿನಲ್ಲಿ, ನೆಲ ಗುಡಿಸಿ, ಒಣ ಕಟ್ಟಿಗೆಯ ಬೆಂಕಿ ಮಾಡಿ, ಮಡಚಿದಂತೆಯೇ ಇಡಿ. ಪೂರ್ತಿ ಬೂದಿಯಾಗುವವರೆಗೆ ಅಲ್ಲೇ ಇರಿ. ಬೂದಿಯನ್ನು ಗಿಡದ ಬುಡದಲ್ಲಿ ಹೂಳಿ. ವಿಡಿಯೋ ಬೇಡ. ಪಾಲಿಯೆಸ್ಟರ್ ಬಾವುಟವನ್ನು ಸುಟ್ಟರೆ ಕರಗಿ ತೊಟ್ಟಿಕ್ಕುತ್ತದೆ, ಕಪ್ಪು ಹೊಗೆ ಏಳುತ್ತದೆ. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಆಳವಾದ ಗುಂಡಿಯಲ್ಲಿ ಹೂಳುವುದೇ ಮೇಲು ಅಂತ ನನಗೆ ಅನಿಸುತ್ತದೆ.

ಬೆಂಕಿಗೆ ಇಡುವ ಮೊದಲು ಆ ಮರದ ಟಾಗಲನ್ನು ಬಿಚ್ಚಿಕೊಳ್ಳಿ. ಅದು ಹಗ್ಗಕ್ಕೆ ಸೇರಿದ್ದು, ಬಟ್ಟೆಗಲ್ಲ. ನಾನು ಇಪ್ಪತ್ತೈದು ವರ್ಷದಲ್ಲಿ ಎರಡು ಬಾವುಟ ಬದಲಿಸಿದೆ. ಟಾಗಲ್ ಮಾತ್ರ ಮೊದಲನೆಯದರದ್ದೇ. ಹಗ್ಗ ಉಜ್ಜಿ ಉಜ್ಜಿ ನಡುವೆ ಸಣ್ಣ ಸೊಂಟ ಬಂದಿದೆ, ಈಗ ಇನ್ನೂ ಚೆನ್ನಾಗಿ ಕೂರುತ್ತದೆ.